ಟ್ಯಾಂಕರ್ ಬೇರೆ, ಟ್ಯಾಂಕ್ ಬೇರೆ: ಯುದ್ಧವಾರ್ತೆಯ ಪದಗಳ ಬಗ್ಗೆ ಒಂದು ಮನವಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಒಂದು ಚಿತ್ರ ಪ್ರಕಟವಾಗಿತ್ತು. ಸುಟ್ಟು ಕರಕಲಾದ ಚೈನ್‌ಗಾಲಿಯ ಒಂದು ದೊಡ್ಡ ವಾಹನ, ಅದರ ಹಿಂಭಾಗದಲ್ಲಿ ಪೆಟ್ಟಿಗೆಯಂಥ ಎತ್ತರದ ಗೋಪುರ, ಆ ಗೋಪುರದಿಂದ ವಾಹನದ ಮೂತಿಯನ್ನೂ ದಾಟಿ ಮುಂದಕ್ಕೆ ಚಾಚಿಕೊಂಡ ನಳಿಗೆ. ಚಿತ್ರದ ಕೆಳಗೆ ‘ಡ್ರೋನ್ ದಾಳಿಗೆ ಧ್ವಂಸಗೊಂಡ ಟ್ಯಾಂಕರ್’ ಎಂದು ಬರೆಯಲಾಗಿತ್ತು. ಅಂದು ಬೆಳಿಗ್ಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದಳು. ಅವಳ ಮಗ ಸೇನೆಯ ಯಾಂತ್ರೀಕೃತ ಪದಾತಿದಳದಲ್ಲಿ ಸಿಪಾಯಿಯಾಗಿದ್ದಾನೆ. “ಕಾಕಾ, ನಮ್ಮ ಹುಡುಗ ಇಂಥಾದ್ರಾಗ ಕುಂಡರತಾನಂತಲ್ರಿ, ಇದು ಇಷ್ಟು ಸಲೀಸ ಸುಡತೈತೇನ್ರಿ?” ಎಂದು ಕೇಳಿದಳು. “ಇಲ್ಲವ್ವಾ, ಇದು ಅವನ ಗಾಡಿ ಅಲ್ಲ, ಟ್ಯಾಂಕೂ ಅಲ್ಲ, ಟ್ಯಾಂಕರಂತೂ ಮೊದಲೇ ಅಲ್ಲ” ಎಂದೆ. ಅವಳಿಗೆ ಅರ್ಧ ಸಮಾಧಾನವಾಯಿತು, ಹೋದಳು. ಅವಳ ಮಗ ಕೂಡುವ ಗಾಡಿಯ ಕವಚ ಟ್ಯಾಂಕಿನ ಕವಚಕ್ಕಿಂತ ತೆಳುವಾದದ್ದು ಎಂಬ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಅಂದಿನಿಂದ ಈ ಪತ್ರ ಬರೆಯಬೇಕೆಂದು ಮನಸ್ಸು ತುಡಿಯುತ್ತಿದೆ. ನಾನು 1986ರಲ್ಲಿ ಸೇನೆಗೆ ಸೇರಿ, ಸವಾರನಾಗಿ, ಅಂದರೆ ಸಿಪಾಯಿಯಾಗಿ ಆರಂಭಿಸಿ, 24 ವರ್ಷ ಟ್ಯಾಂಕ್ ರೆಜಿಮೆಂಟಿನಲ್ಲಿ ದುಡಿದು, ದಫೇದಾರನಾಗಿ, ಅಂದರೆ ಹವಾಲ್ದಾರನ ದರ್ಜೆಯಲ್ಲಿ ನಿವೃತ್ತನಾದವನು. ಅದರಲ್ಲಿ ಹೆಚ್ಚಿನ ಕಾಲ ಟಿ-72 ಟ್ಯಾಂಕಿನ ಚಾಲಕನ ಸೀಟಿನಲ್ಲಿ ಕಳೆದಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರೂ ಜಿಲ್ಲೆಗಳಲ್ಲಿ ಸೇನೆಗೆ ಮಕ್ಕಳನ್ನು ಕಳುಹಿಸಿದ ಮನೆಗಳು ಊರೂರಿಗೂ ಇವೆ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದ ಮುಂದೆ ಭರ್ತಿಯ ಸಮಯದಲ್ಲಿ ನಿಲ್ಲುವ ಹುಡುಗರ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಮನೆಗಳಲ್ಲಿ ಯುದ್ಧದ ಸುದ್ದಿಯನ್ನು ಯಾರೂ ಮೇಲ್ಮೇಲೆ ಕಣ್ಣಾಡಿಸಿ ಬಿಡುವುದಿಲ್ಲ, ಒಂದೊಂದು ಪದವನ್ನೂ ಹಿಡಿದು ಓದುತ್ತಾರೆ. ಆದ್ದರಿಂದ ಪದ ತಪ್ಪಿದರೆ ಅದು ಬರೀ ಅಚ್ಚಿನ ತಪ್ಪಾಗಿ ಉಳಿಯುವುದಿಲ್ಲ.

ಮೊದಲು ‘ಟ್ಯಾಂಕರ್’ ಎಂಬ ಮಾತು. ಬೇಸಿಗೆಯಲ್ಲಿ ನಮ್ಮ ಇಂಡಿ, ಚಡಚಣ ಕಡೆಯ ಹಳ್ಳಿಗಳಿಗೆ ನೀರು ಹೊತ್ತು ಬರುವುದು ಟ್ಯಾಂಕರ್. ಯುದ್ಧಭೂಮಿಯಲ್ಲಿಯೂ ಟ್ಯಾಂಕರ್‌ಗಳಿರುತ್ತವೆ, ಅವು ಡೀಸೆಲ್ ಹೊತ್ತು ದಳದ ಹಿಂದೆ ಬರುತ್ತವೆ. ಒಂದು ಟಿ-72ರ ಹೊಟ್ಟೆಗೆ ಸುಮಾರು 1,200 ಲೀಟರ್ ಡೀಸೆಲ್ ಹಿಡಿಯುತ್ತದೆ, ಆ ಡೀಸೆಲ್ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಟ್ಯಾಂಕ್ ನಿಂತಲ್ಲೇ ಕಬ್ಬಿಣದ ಗುಡ್ಡೆ. ಶತ್ರುವಿನ ಹತ್ತು ಟ್ಯಾಂಕರ್ ಸುಟ್ಟವು ಎಂದರೆ ಒಂದು ಅರ್ಥ, ಹತ್ತು ಟ್ಯಾಂಕ್ ಸುಟ್ಟವು ಎಂದರೆ ಇನ್ನೊಂದು ಅರ್ಥ. ಎರಡೂ ನಡೆಯಬಹುದಾದ ಸಂಗತಿಗಳೇ ಆಗಿರುವುದರಿಂದ, ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ಸುದ್ದಿಯೇ ಬದಲಾಗಿಬಿಡುತ್ತದೆ.

‘ಟ್ಯಾಂಕ್’ ಎಂಬ ಹೆಸರಿಗೂ ಒಂದು ಕಥೆಯಿದೆ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ ಬ್ರಿಟಿಷರು ಮೊದಲ ಸಲ ಈ ಯಂತ್ರವನ್ನು ಕಂದಕಗಳ ಮೇಲೆ ನಡೆಸಿದರು. ಅದನ್ನು ತಯಾರಿಸುವಾಗ ಗುಟ್ಟು ರಟ್ಟಾಗಬಾರದೆಂದು ಅದನ್ನು ನೀರಿನ ತೊಟ್ಟಿ ಎಂದು ಕರೆದರು, ಆ ಸುಳ್ಳು ಹೆಸರೇ ನೂರು ವರ್ಷ ದಾಟಿ ಉಳಿದುಬಂದಿದೆ. ಜನರನ್ನು ದಾರಿ ತಪ್ಪಿಸಲೆಂದೇ ಹುಟ್ಟಿದ ಪದವಾದ್ದರಿಂದ ಅದನ್ನು ಇನ್ನೂ ಎಚ್ಚರದಿಂದ ಬಳಸಬೇಕೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಆಳವಾದ ತಪ್ಪು ಇಂಗ್ಲಿಷಿನ ‘ಆರ್ಮರ್ಡ್ ವೆಹಿಕಲ್’ಗೆ ಬರೆಯುವ ‘ಶಸ್ತ್ರಸಜ್ಜಿತ ವಾಹನ’ ಎಂಬ ಮಾತಿನಲ್ಲಿದೆ. ಕನ್ನಡದ ಹಲವು ಪತ್ರಿಕೆಗಳಲ್ಲಿ ಇದು ರೂಢಿಯಾಗಿಬಿಟ್ಟಿದೆ. ಶಸ್ತ್ರಸಜ್ಜಿತ ಎಂದರೆ ಆಯುಧ ಹೊತ್ತದ್ದು ಎಂದರ್ಥ. ಹಾಗೆ ನೋಡಿದರೆ ಮೇಲೆ ಮಷಿನ್‌ಗನ್ ಕಟ್ಟಿದ ಸಾದಾ ಜೀಪು ಕೂಡ ಶಸ್ತ್ರಸಜ್ಜಿತವೇ. ಇಲ್ಲಿ ಹೇಳಬೇಕಾಗಿರುವುದು ಆಯುಧದ ಮಾತಲ್ಲ, ಕವಚದ ಮಾತು. ಒಳಗೆ ಕೂತವನ ಮೈಗೂ ಹೊರಗಿನ ಗುಂಡಿಗೂ ನಡುವೆ ಎಷ್ಟು ದಪ್ಪದ ಉಕ್ಕು ಇದೆ ಎಂಬುದೇ ಅಲ್ಲಿಯ ಪ್ರಶ್ನೆ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಕವಚ ಎಂಬ ಮಾತು ಹೊಸದಲ್ಲ. ಬಿಲ್ಲು ಇದ್ದರೂ ಕವಚ ಹೋದ ಮೇಲೆ ಅವನ ಗತಿ ಏನಾಯಿತೆಂದು ಬಯಲಾಟ ನೋಡಿದ ಪ್ರತಿಯೊಬ್ಬರಿಗೂ ಗೊತ್ತು. ‘ಕವಚವಾಹನ’ ಎಂಬ ಸರಳ ಪದ ಕೈಯಳತೆಯಲ್ಲಿಯೇ ಇರುವಾಗ ತಪ್ಪು ಅರ್ಥದ ಪದವನ್ನು ಏಕೆ ಹೊತ್ತು ತಿರುಗಬೇಕು?

ಕವಚವಾಹನಗಳಲ್ಲಿ ಬಗೆಗಳಿವೆ, ಬಗೆಗೊಂದು ಕೆಲಸವಿದೆ. ನಮ್ಮ ಸೇನೆಯ ಉದಾಹರಣೆಯನ್ನೇ ತೆಗೆದುಕೊಂಡು ಹೇಳುತ್ತೇನೆ. ಟಿ-72, ಟಿ-90, ಅರ್ಜುನ್ ಇವು ಟ್ಯಾಂಕ್‌ಗಳು. ಟಿ-90ರ ತೂಕ ಸುಮಾರು 46 ಟನ್, ಅರ್ಜುನ್ ಮಾರ್ಕ್-1ಎ ಮಾದರಿಯದು 68 ಟನ್. ಟ್ಯಾಂಕ್ ತನ್ನ ಗುರಿಯನ್ನು ಕಣ್ಣಾರೆ ನೋಡಿ, ಎರಡು ಮೂರು ಕಿಲೋಮೀಟರಿನೊಳಗೆ ನೇರವಾಗಿ ಹೊಡೆಯುವ ಯಂತ್ರ. ತಾನು ಹೊಡೆಯುವಷ್ಟೇ ಹತ್ತಿರದಿಂದ ತಿರುಗಿ ಹೊಡೆಸಿಕೊಳ್ಳಲಿಕ್ಕೂ ಸಿದ್ಧವಾಗಿರಬೇಕಾದ್ದರಿಂದ ಅದರ ಮುಂಭಾಗದ ಕವಚ ಅಷ್ಟು ಭಾರಿಯಾಗಿರುತ್ತದೆ. ನೆಲಕ್ಕೆ ಅಂಟಿದಂತೆ ತಗ್ಗಾಗಿಯೂ ಇರುತ್ತದೆ. ಟಿ-72ರ ಛಾವಣಿ ಆಳೆತ್ತರಕ್ಕಿಂತ ಸ್ವಲ್ಪವೇ ಮೇಲೆ.

ಬಿಎಂಪಿ-2 ಎಂಬುದು ಪದಾತಿದಳದ ಯುದ್ಧವಾಹನ. ತೆಲಂಗಾಣದ ಮೇದಕದಲ್ಲಿ ತಯಾರಾದ ಅದಕ್ಕೆ ನಮ್ಮಲ್ಲಿ ‘ಸರಥ್’ ಎಂಬ ಹೆಸರಿದೆ. ತೂಕ ಸುಮಾರು 14 ಟನ್ ಮಾತ್ರ. ನಡೆಸುವವರು ಮೂವರು, ಜೊತೆಗೆ ಏಳು ಜನ ಸಿಪಾಯಿಗಳು, ಅವರಲ್ಲಿ ಹೆಚ್ಚಿನವರು ಹಿಂದಿನ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಾರೆ. ನಳಿಗೆ ಕೈತೋಳಿನಷ್ಟು ಸಣ್ಣದು, 30 ಮಿ.ಮೀ. ಹೊಳೆಯಲ್ಲಿ ತೇಲಿಕೊಂಡು ದಾಟುವಷ್ಟು ಹಗುರವಾಗಿರಬೇಕೆಂದು ಕವಚವನ್ನು ತೆಳುವಾಗಿಟ್ಟಿದ್ದಾರೆ. ಮಷಿನ್‌ಗನ್ನಿನ ಗುಂಡು, ಶೆಲ್ಲಿನ ಚೂರು ಇವುಗಳನ್ನು ಅದು ತಡೆಯುತ್ತದೆ, ಟ್ಯಾಂಕಿನ ಹೊಡೆತವನ್ನು ತಡೆಯಲಾರದು. ನಮ್ಮ ಓಣಿಯ ಹುಡುಗ ಕೂಡುವುದು ಇದರಲ್ಲಿ.

ಇನ್ನು ಅಂದಿನ ಚಿತ್ರದಲ್ಲಿದ್ದದ್ದು ಇವೆರಡೂ ಅಲ್ಲ, ಸ್ವಯಂಚಾಲಿತ ತೋಪು, ಅಂದರೆ ತನ್ನದೇ ಎಂಜಿನ್ನಿನಿಂದ ಓಡಾಡುವ ದೊಡ್ಡ ಫಿರಂಗಿ. ನಮ್ಮ ಸೇನೆಯ ಕೆ-9 ವಜ್ರ ಅದೇ ಜಾತಿಯದು. ಗುಜರಾತಿನ ಹಜೀರಾದಲ್ಲಿ ತಯಾರಾದ, 2017ರ ಒಪ್ಪಂದದಂತೆ 100ರ ಸಂಖ್ಯೆಯಲ್ಲಿ ಸೇನೆಗೆ ಬಂದ, 155 ಮಿ.ಮೀ. ವ್ಯಾಸದ, ಸುಮಾರು 8 ಮೀಟರ್ ಉದ್ದದ ನಳಿಗೆಯ ತೋಪು ಅದು. ಅದು ರಣರಂಗದ ಮುಂಚೂಣಿಗೆ ಬರುವುದಿಲ್ಲ. ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ ನಿಂತು, ಗುಡ್ಡದ ಆಚೆಗಿರುವ, ತನಗೆ ಕಾಣದ ಗುರಿಯ ಮೇಲೆ ಶೆಲ್ ಹಾಕಿ, ಶತ್ರು ಜಾಡು ಹಿಡಿಯುವುದರೊಳಗೆ ಜಾಗ ಬದಲಿಸುತ್ತದೆ. ಅದಕ್ಕೆ ದಪ್ಪ ಕವಚ ಬೇಕಾಗಿಲ್ಲ, ಓಟ ಬೇಕು. ಚೈನು, ಗೋಪುರ, ನಳಿಗೆ ಎಂಬ ಮೂರನ್ನು ಕಂಡ ಕೂಡಲೇ ಟ್ಯಾಂಕ್ ಎನ್ನುವುದು, ನಾಲ್ಕು ಕಾಲು, ಎರಡು ಕೊಂಬು ಕಂಡ ಕೂಡಲೇ ಎಮ್ಮೆಯನ್ನು ಎತ್ತು ಎಂದಂತೆ. ಹೂಡಲು ಹೋದಾಗ ಗೊತ್ತಾಗುತ್ತದೆ.

ಒಳಗಿನ ಸ್ಥಿತಿಯನ್ನು ಸ್ವಲ್ಪ ಹೇಳದೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಟಿ-72ರಲ್ಲಿ ಮೂವರೇ ಜನ: ಕಮಾಂಡರ್, ಗನ್ನರ್, ಡ್ರೈವರ್. ಡ್ರೈವರ್ ಕೂಡುವುದು ಮುಂದೆ, ನಟ್ಟನಡುವೆ, ಒಬ್ಬನೇ. ತಲೆಯ ಮೇಲಿನ ಮುಚ್ಚಳ ಹಾಕಿಕೊಂಡರೆ ಬೆನ್ನು ಅರ್ಧ ಒರಗಿಯೇ ಇರಬೇಕು. ಹೊರಗಿನ ಲೋಕವೆಂದರೆ ಅಂಗೈಯಗಲದ ಗಾಜಿನ ಪಟ್ಟಕದಲ್ಲಿ ಕಾಣುವ ಒಂದು ತುಂಡು ನೆಲ. ಸ್ಟಿಯರಿಂಗ್ ಚಕ್ರವಿಲ್ಲ, ಎಡಕ್ಕೊಂದು ಬಲಕ್ಕೊಂದು ಎರಡು ಸನ್ನೆಗೋಲುಗಳು. ಎಡಗಡೆಯದನ್ನು ಎಳೆದರೆ ಎಡಗಡೆಯ ಚೈನು ನಿಧಾನವಾಗಿ ಗಾಡಿ ಎಡಕ್ಕೆ ಹೊರಳುತ್ತದೆ. ಟ್ರ್ಯಾಕ್ಟರ್ ಹೊಡೆಯುವ ನಮ್ಮ ರೈತರು ಸಾಲಿನ ಕೊನೆಯಲ್ಲಿ ಒಂದು ಬದಿಯ ಬ್ರೇಕ್ ತುಳಿದು ತಿರುಗಿಸುತ್ತಾರಲ್ಲ, ಥೇಟ್ ಹಾಗೆ. ರಾಜಸ್ಥಾನದ ಮರಳಿನಲ್ಲಿ ಮೇ ತಿಂಗಳ ಮಧ್ಯಾಹ್ನ ಒಳಗಿನ ಉಕ್ಕಿಗೆ ಬರಿಗೈ ಊರಿದರೆ ಚರ್ಮ ಕೆಂಪಾಗುತ್ತಿತ್ತು. ಡೀಸೆಲ್, ಗ್ರೀಸ್, ಸುಟ್ಟ ಮದ್ದು, ಬೆವರು ಇವೆಲ್ಲ ಕೂಡಿದ ಆ ವಾಸನೆ ನಿವೃತ್ತನಾಗಿ ಇಷ್ಟು ವರ್ಷವಾದರೂ ಒಮ್ಮೊಮ್ಮೆ ಟ್ರ್ಯಾಕ್ಟರ್ ಗ್ಯಾರೇಜಿನ ಮುಂದೆ ಹಾಯುವಾಗ ನೆನಪಿಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಸಂಗತಿ. ತೋಪಿನ ನಳಿಗೆ ಕೆಲವು ಕೋನಗಳಲ್ಲಿ ನಿಂತುಬಿಟ್ಟರೆ ಡ್ರೈವರನ ಮುಚ್ಚಳ ತೆರೆಯುವುದಿಲ್ಲ. ಗಾಡಿಗೆ ಬೆಂಕಿ ಹತ್ತಿದಾಗ ಗನ್ನರ್ ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಮುಂದಿನವನು ಆ ಮುಚ್ಚಳದಿಂದ ಹೊರಗೆ ಬರಬಲ್ಲ. ಮೂವರ ನಡುವಿನ ನಂಬಿಕೆ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ. ಎರಡನೆಯದು ಮದ್ದುಗುಂಡು. ಟಿ-72ರಲ್ಲಿ ತೋಪಿಗೆ ಮದ್ದು ತುಂಬಲು ನಾಲ್ಕನೆಯ ಮನುಷ್ಯನಿಲ್ಲ, ಯಂತ್ರವೇ ತುಂಬುತ್ತದೆ. ಆ ಯಂತ್ರದ ತಿರುಗುವ ತಟ್ಟೆಯಲ್ಲಿ 22 ಗುಂಡುಗಳು ಕಮಾಂಡರ್ ಮತ್ತು ಗನ್ನರನ ಕಾಲಡಿಯಲ್ಲಿ ವೃತ್ತಾಕಾರವಾಗಿ ಕೂತಿರುತ್ತವೆ. ಯಾವುದೋ ಸಿಡಿತಲೆ ಕವಚ ತೂರಿ ಆ ತಟ್ಟೆಯನ್ನು ಮುಟ್ಟಿತೆಂದರೆ ಎಲ್ಲ ಮದ್ದು ಒಮ್ಮೆಗೇ ಹೊತ್ತಿಕೊಂಡು ಗೋಪುರ ಗಾಳಿಗೆ ಹಾರುತ್ತದೆ. ಉಕ್ರೇನಿನ ಚಿತ್ರಗಳಲ್ಲಿ ಗೋಪುರ ಬೇರೆ, ಒಡಲು ಬೇರೆಯಾಗಿ ಬಿದ್ದ ಟ್ಯಾಂಕ್‌ಗಳನ್ನು ಓದುಗರು ನೋಡಿದ್ದಾರೆ. ಕಾರಣ ಇದು. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಮದ್ದನ್ನು ಗೋಪುರದ ಹಿಂದಿನ ಬೇರೆ ಕೋಣೆಯಲ್ಲಿಟ್ಟು, ನಡುವೆ ಉಕ್ಕಿನ ಬಾಗಿಲು ಇಟ್ಟು, ಸ್ಫೋಟದ ರಭಸ ಮೇಲಕ್ಕೆ ಹೋಗುವಂತೆ ಛಾವಣಿಯ ಫಲಕಗಳನ್ನು ಸಡಿಲವಾಗಿ ಕೂಡಿಸಿದ್ದಾರೆ. ಅಲ್ಲಿ ಗಾಡಿ ಹೋದರೂ ಜನ ಉಳಿಯುವ ಸಾಧ್ಯತೆ ಹೆಚ್ಚು. ಹೀಗೆ ಒಂದು ಟ್ಯಾಂಕ್ ‘ಧ್ವಂಸವಾಯಿತು’ ಎಂಬ ಸುದ್ದಿಯ ಹಿಂದೆ ಒಳಗಿದ್ದ ಮೂವರೋ ನಾಲ್ವರೋ ಏನಾದರು ಎಂಬ ಪ್ರಶ್ನೆ ಇರುತ್ತದೆ, ಅದರ ಉತ್ತರ ಯಂತ್ರದ ಹೆಸರಿನಲ್ಲಿಯೇ ಅರ್ಧ ಅಡಗಿರುತ್ತದೆ. ಹೆಸರನ್ನು ಸರಿಯಾಗಿ ಬರೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಸಿಡಿತಲೆಯ ವಿಷಯದಲ್ಲಿಯೂ ವರದಿಗಳು ಗೊಂದಲ ಮಾಡುತ್ತವೆ. ‘ಕವಚವನ್ನು ಕರಗಿಸಿ ಒಳನುಗ್ಗುವ ಕ್ಷಿಪಣಿ’ ಎಂದು ಎಷ್ಟೋ ಸಲ ಓದಿದ್ದೇನೆ. ಕರಗಿಸುವುದಿಲ್ಲ. ಹೆಗಲ ಮೇಲಿಂದ ಹಾರಿಸುವ ಆರ್‌ಪಿಜಿ-7 ಇರಲಿ, ಜಾವೆಲಿನ್ ಇರಲಿ, ಮೊನ್ನೆ ಮೊನ್ನೆ ಬಂದ ಸಣ್ಣ ಡ್ರೋನ್ ಹೊತ್ತ ಸಿಡಿತಲೆ ಇರಲಿ, ಅವುಗಳ ಒಳಗೆ ತಾಮ್ರದಂಥ ಲೋಹದ ಒಂದು ಪೊಳ್ಳು ಶಂಕು ಇರುತ್ತದೆ. ಹಿಂದಿನಿಂದ ಮದ್ದು ಸಿಡಿದಾಗ ಆ ಶಂಕು ಒಳಮುಖವಾಗಿ ಕುಸಿದು, ಸೂಜಿಯಂಥ ಧಾರೆಯಾಗಿ, ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಉಕ್ಕನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುವುದು ಅದರ ರಭಸ, ಬಿಸಿಯಲ್ಲ. ಟ್ಯಾಂಕಿನಿಂದ ಟ್ಯಾಂಕಿಗೆ ಹೊಡೆಯುವ ಮುಖ್ಯ ಗುಂಡಿನಲ್ಲಿಯಂತೂ ಸಿಡಿಮದ್ದೇ ಇರುವುದಿಲ್ಲ. ಹಾರೆಯಂಥ ಭಾರಲೋಹದ ಒಂದು ಸಲಾಕೆ, ಹಿಂದೆ ಬಾಣಕ್ಕಿರುವಂತೆ ರೆಕ್ಕೆಗಳು, ವೇಗ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಇದರ ವಿರುದ್ಧ ಒಂದು ಬಗೆಯ ಕವಚ, ಅದರ ವಿರುದ್ಧ ಇನ್ನೊಂದು ಬಗೆ. ಅರ್ಜುನ್ ಟ್ಯಾಂಕಿನ ‘ಕಾಂಚನ್’ ಕವಚ ಹಲವು ವಸ್ತುಗಳ ಪದರ ಸೇರಿಸಿ ಹೈದರಾಬಾದಿನ ಪ್ರಯೋಗಾಲಯದಲ್ಲಿ ರೂಪಿಸಿದ್ದು. ಟಿ-90ರ ಮೈಮೇಲೆ ಇಟ್ಟಿಗೆಗಳಂತೆ ಕಾಣುವ ಪೆಟ್ಟಿಗೆಗಳೊಳಗೆ ಮದ್ದು ಇರುತ್ತದೆ, ಬಂದ ಧಾರೆಯನ್ನು ಅದು ಎದುರು ಸಿಡಿದು ಕದಡುತ್ತದೆ.

ಶೆಲ್, ರಾಕೆಟ್, ಕ್ಷಿಪಣಿ ಇವುಗಳನ್ನೂ ಒಂದೇ ಗಂಟಿಗೆ ಕಟ್ಟಬಾರದು. ತೋಪಿನ ನಳಿಗೆಯಿಂದ ಹೊರಟದ್ದು ಶೆಲ್. ತನ್ನ ಬೆಂಕಿಯಿಂದ ತಾನೇ ಹಾರುವುದು ರಾಕೆಟ್. ನಮ್ಮ ಪಿನಾಕದ ಒಂದು ಲಾಂಚರ್ 12 ರಾಕೆಟ್‌ಗಳನ್ನು 44 ಸೆಕೆಂಡುಗಳಲ್ಲಿ ಹಾರಿಸುತ್ತದೆ. ಗುರಿಯತ್ತ ತನ್ನ ದಾರಿಯನ್ನು ತಿದ್ದಿಕೊಂಡು ಹೋಗುವುದು ಕ್ಷಿಪಣಿ. ಈಗ ರಾಕೆಟ್‌ಗಳಿಗೂ ಶೆಲ್‌ಗಳಿಗೂ ದಾರಿ ತೋರಿಸುವ ಯಂತ್ರ ಕೂಡಿಸುತ್ತಿರುವುದರಿಂದ ಗೆರೆ ಸ್ವಲ್ಪ ಮಸುಕಾಗಿದೆ ನಿಜ. ಆದರೂ ‘ಕ್ಷಿಪಣಿಗಳ ಸುರಿಮಳೆ’ ಎಂದು ಎಲ್ಲದಕ್ಕೂ ಬರೆಯುವುದು ಸರಿಯಲ್ಲ.

ಭಾರಿ ಆಯುಧಗಳನ್ನು ಹೆಸರಿಟ್ಟು ಗುರುತಿಸುವ ಅಭ್ಯಾಸ ನಮ್ಮ ಜಿಲ್ಲೆಗೆ ಹೊಸದೇನಲ್ಲ. ವಿಜಯಪುರದ ಷರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ಈ ಭಾಗದಲ್ಲಿ ವಿರಳ. ಅದನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದರು, ಪರಾಂಡ ಕೋಟೆಯಿಂದ ಇಲ್ಲಿಗೆ ತಂದರು. ಸುಮಾರು 55 ಟನ್ ತೂಕವೆನ್ನುತ್ತಾರೆ, ಅದನ್ನು ಎಳೆದು ತರಲು ನಾನೂರು ಎತ್ತುಗಳೂ ಹತ್ತು ಆನೆಗಳೂ ಬೇಕಾದವು ಎಂಬ ಹೇಳಿಕೆಯಿದೆ. ನಾನು ಸೇನೆಗೆ ಸೇರಿದಾಗ ನನ್ನನ್ನು ತರಬೇತಿಗೆ ಕಳುಹಿಸಿದ್ದೂ ಅದೇ ಅಹ್ಮದ್‌ನಗರಕ್ಕೆ, ಈಗಿನ ಅಹಿಲ್ಯಾನಗರಕ್ಕೆ. ದೇಶದ ಕವಚ ದಳದ ತರಬೇತಿ ಕೇಂದ್ರ ಇರುವುದು ಅಲ್ಲಿ. ಮೊದಲ ರಜೆಗೆ ಊರಿಗೆ ಬಂದಾಗ ಬುರುಜು ಹತ್ತಿ ಆ ತೋಪಿನ ತಣ್ಣನೆಯ ಮೈಮೇಲೆ ಕೈಯಿಟ್ಟು ನಿಂತಿದ್ದೆ. ಆನೆಯನ್ನು ಬಾಯಲ್ಲಿ ಅಗಿಯುತ್ತಿರುವ ಸಿಂಹದ ಮುಖವನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಆದರೆ ಅಂದು ನೋಡಿದ್ದು ಅದರ ಭಾರವನ್ನು. ಅಷ್ಟೊಂದು ಎತ್ತು, ಆನೆಗಳು ಜಗ್ಗಿದ ಭಾರಕ್ಕೆ ಸಮೀಪದ ಭಾರವನ್ನು ನಾನು ಎರಡು ಕೈಯ ಎರಡು ಸನ್ನೆಗೋಲುಗಳಿಂದ, 780 ಅಶ್ವಶಕ್ತಿಯ ಎಂಜಿನ್ ಇಟ್ಟುಕೊಂಡು, ಹೊಲ ಹಳ್ಳ ಎನ್ನದೆ ಓಡಿಸುತ್ತಿದ್ದೆ. ಯುದ್ಧದಲ್ಲಿ ಟ್ಯಾಂಕ್ ತಂದ ಬದಲಾವಣೆ ಏನೆಂದು ಯಾರಾದರೂ ಹುಡುಗರು ಕೇಳಿದರೆ ನಾನು ಅವರಿಗೆ ಬುರುಜು ತೋರಿಸಿ ಇಷ್ಟನ್ನೇ ಹೇಳುತ್ತೇನೆ: ತೋಪು ಕೋಟೆಯಿಂದ ಇಳಿದು ನಡೆಯತೊಡಗಿತು.

ಇನ್ನು ನನ್ನನ್ನು ಹೆಚ್ಚು ಕಾಡುವ ಮಾತಿಗೆ ಬರುತ್ತೇನೆ. ‘ಟ್ಯಾಂಕ್ ಯುಗ ಮುಗಿಯಿತು’ ಎಂಬ ತಲೆಬರಹ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಕಾಣಿಸುತ್ತಿದೆ. ಹತ್ತಾರು ಸಾವಿರ ರೂಪಾಯಿಗಳ ಡ್ರೋನ್ ಕೋಟಿಗಟ್ಟಲೆಯ ಟ್ಯಾಂಕನ್ನು ಸುಡುವ ಅರ್ಧ ನಿಮಿಷದ ವಿಡಿಯೊ ನೋಡಿ ಬರೆದ ಮಾತು ಅದು. ಆ ವಿಡಿಯೊ ಸುಳ್ಳಲ್ಲ. ನಮ್ಮ ಕಾಲದಲ್ಲಿ ಟ್ಯಾಂಕಿನ ಮುಂಭಾಗ ಕೋಟೆಗೋಡೆಯಾದರೆ ಮೇಲ್ಭಾಗ ತಗಡು ಎಂದೇ ಹೇಳುತ್ತಿದ್ದೆವು, ಏಕೆಂದರೆ ಹೊಡೆತ ಎದುರಿನಿಂದ ಬರುತ್ತಿತ್ತು. ಈಗ ಹೊಡೆತ ಆಕಾಶದಿಂದ ಬರುತ್ತಿದೆ, ಅದೂ ಮನುಷ್ಯನೊಬ್ಬ ಡ್ರೋನ್ ಕಳುಹಿಸುವ ಚಿತ್ರವನ್ನು ಕನ್ನಡಕದಂಥ ಪರದೆಯಲ್ಲಿ ನೋಡುತ್ತ, ತೆರೆದ ಮುಚ್ಚಳವನ್ನೇ ಆರಿಸಿ ಇಳಿಸುವ ಹೊಡೆತ. 2022ರ ನಂತರದ ಉಕ್ರೇನಿನಲ್ಲಿ ಟ್ಯಾಂಕ್‌ಗಳ ಮೇಲೆ ಕಬ್ಬಿಣದ ಪಂಜರ ಕಟ್ಟಿದ್ದಾರೆ, ರಸ್ತೆಗಳ ಮೇಲೆ ಕಿಲೋಮೀಟರುಗಟ್ಟಲೆ ಬಲೆ ಹಾಸಿದ್ದಾರೆ. ಆ ಚಿತ್ರ ನೋಡಿದಾಗ ನನಗೆ ನಮ್ಮ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹಕ್ಕಿಗಳಿಗಾಗಿ ಕಟ್ಟುವ ಬಲೆಗಳ ನೆನಪಾಯಿತು. ಇದನ್ನೆಲ್ಲ ಕಡೆಗಣಿಸಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಹುಡುಗರೂ ನಾಳೆ ಇದನ್ನೇ ಎದುರಿಸಬೇಕಾದವರು.

ಆದರೆ ಟ್ಯಾಂಕಿನ ತಿಥಿ ಮಾಡುವವರು ಇದೇ ಮಾತನ್ನು 1973ರಲ್ಲಿಯೂ ಹೇಳಿದ್ದರು. ಆ ವರ್ಷ ಅಕ್ಟೋಬರಿನಲ್ಲಿ ಸಿನಾಯಿ ಮರಳುಗಾಡಿನಲ್ಲಿ ಈಜಿಪ್ಟಿನ ಪದಾತಿ ಸೈನಿಕರು ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಹೊತ್ತು ತಂದ, ತಂತಿಯ ಮೂಲಕ ದಾರಿ ತೋರಿಸುವ ಸ್ಯಾಗರ್ ಕ್ಷಿಪಣಿಗಳಿಂದ ಇಸ್ರೇಲಿನ ಟ್ಯಾಂಕ್‌ಗಳನ್ನು ಸುಟ್ಟರು. ಪದಾತಿದಳವನ್ನೂ ತೋಪುಗಳನ್ನೂ ಜೊತೆಗಿಟ್ಟುಕೊಳ್ಳದೆ ಟ್ಯಾಂಕ್‌ಗಳನ್ನಷ್ಟೇ ಮುಂದೆ ನುಗ್ಗಿಸಿದ್ದು ಅಲ್ಲಿಯ ತಪ್ಪಾಗಿತ್ತು. ಇಸ್ರೇಲಿನವರು ಅದನ್ನು ತಿದ್ದಿಕೊಂಡರು, ಮುಂದಿನ ವರ್ಷಗಳಲ್ಲಿ, ತಮ್ಮತ್ತ ಹಾರಿ ಬರುವ ಕ್ಷಿಪಣಿಯನ್ನು ಗಾಳಿಯಲ್ಲಿಯೇ ಹೊಡೆದು ಬೀಳಿಸುವ ‘ಟ್ರೋಫಿ’ ಎಂಬ ವ್ಯವಸ್ಥೆಯನ್ನೂ ತಮ್ಮ ಮೆರ್ಕಾವಾ ಟ್ಯಾಂಕ್‌ಗಳಿಗೆ ಕೂಡಿಸಿದರು. 1994ರ ಕೊನೆಯ ದಿನಗಳಲ್ಲಿ ರಷ್ಯನ್ನರು ಚೆಚೆನ್ಯಾದ ಗ್ರೋಜ್ನಿ ನಗರದ ಬೀದಿಗಳಿಗೆ ಟ್ಯಾಂಕ್‌ಗಳನ್ನೂ ಬಿಎಂಪಿಗಳನ್ನೂ ಸಾಲಾಗಿ ಹೊಗಿಸಿದಾಗ ಮಹಡಿಗಳ ಮೇಲಿಂದಲೂ ನೆಲಮಾಳಿಗೆಗಳಿಂದಲೂ ಆರ್‌ಪಿಜಿಗಳು ಬಂದವು. ಅಲ್ಲಿಯೂ ಕಾರಣ ಅದೇ. 2023ರ ಜೂನ್‌ನಲ್ಲಿ ಉಕ್ರೇನಿನ ಪಡೆಗಳು ಜರ್ಮನಿಯ ಲೆಪರ್ಡ್ ಟ್ಯಾಂಕ್‌ಗಳನ್ನೂ ಅಮೆರಿಕದ ಬ್ರ್ಯಾಡ್ಲಿ ಪದಾತಿ ಯುದ್ಧವಾಹನಗಳನ್ನೂ ಮುಂದಿಟ್ಟುಕೊಂಡು ದಕ್ಷಿಣದತ್ತ ನುಗ್ಗಲು ಹೋದಾಗ ಮೊದಲು ತಡೆದದ್ದು ಡ್ರೋನ್ ಅಲ್ಲ, ಹೊಲಗಳಲ್ಲಿ ಹೂತಿಟ್ಟ ನೆಲಬಾಂಬುಗಳು. ಚೈನು ಹರಿದು ನಿಂತ ಗಾಡಿಯ ಮೇಲೆ ಆಮೇಲೆ ಬೇರೆ ಆಯುಧಗಳು ಬಂದವು. ವಿಡಿಯೊದಲ್ಲಿ ಕಾಣುವುದು ಎಷ್ಟೋ ಸಲ ಕೊನೆಯ ಹೊಡೆತ ಮಾತ್ರ.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ ಬಳಿಯ ಅಸಲ್ ಉತ್ತರ್ ಎಂಬಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಬಂದವು. ಆ ಕಾಲಕ್ಕೆ ಅವು ನಮ್ಮಲ್ಲಿದ್ದ ಹೆಚ್ಚಿನ ಟ್ಯಾಂಕ್‌ಗಳಿಗಿಂತ ಹೊಸವು. ನಮ್ಮವರು ಹೊಲಗಳಿಗೆ ನೀರು ಬಿಟ್ಟರು. ಎತ್ತರಕ್ಕೆ ಬೆಳೆದ ಕಬ್ಬಿನ ನಡುವೆ ಸೆಂಚುರಿಯನ್ ಟ್ಯಾಂಕ್‌ಗಳನ್ನು ಅಡಗಿಸಿ ಕಾದರು. ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುವ ನಮ್ಮ ರೈತರಿಗೆ ಆ ಬೆಳೆಯ ನಡುವೆ ಎಂಥ ದೊಡ್ಡ ವಸ್ತು ಕಾಣದೆ ನಿಲ್ಲಬಲ್ಲದು, ನೀರುಂಡ ಹೊಲದಲ್ಲಿ ಭಾರದ ಗಾಡಿಯ ಗತಿ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಹವಾಲ್ದಾರ್ ಅಬ್ದುಲ್ ಹಮೀದ್ ಅವರು ತೆರೆದ ಜೀಪಿನ ಮೇಲೆ ಕಟ್ಟಿದ 106 ಮಿ.ಮೀ. ತೋಪಿನಿಂದ ಒಂದರ ಹಿಂದೆ ಒಂದು ಪ್ಯಾಟನ್‌ಗಳನ್ನು ಹೊಡೆದು ಅಲ್ಲಿಯೇ ಹುತಾತ್ಮರಾದರು, ಪರಮವೀರ ಚಕ್ರ ಪಡೆದರು. ಕೆಟ್ಟು ನಿಂತ ಟ್ಯಾಂಕ್‌ಗಳನ್ನು ಒಟ್ಟುಗೂಡಿಸಿದ ಜಾಗಕ್ಕೆ ‘ಪ್ಯಾಟನ್ ನಗರ’ ಎಂಬ ಹೆಸರೇ ಬಿತ್ತು. ಕವಚವೇ ಇಲ್ಲದ ಜೀಪು ಟ್ಯಾಂಕನ್ನು ಸುಟ್ಟಿತೆಂದು ಅಂದು ಯಾರಾದರೂ ಟ್ಯಾಂಕ್ ಯುಗ ಮುಗಿಯಿತೆಂದು ಬರೆದಿದ್ದರೆ, ಆರೇ ವರ್ಷಕ್ಕೆ, 1971ರ ಡಿಸೆಂಬರ್ 16ರಂದು ಬಸಂತರ್ ಹೊಳೆಯ ದಂಡೆಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೊತ್ತಿ ಉರಿಯುತ್ತಿದ್ದ ತಮ್ಮ ಸೆಂಚುರಿಯನ್ನನ್ನು ಬಿಟ್ಟಿಳಿಯದೆ ಕಾದಿದ್ದು ಆ ಬರಹವನ್ನು ಸುಳ್ಳು ಮಾಡುತ್ತಿತ್ತು. ನೆಲವನ್ನು ಗೆದ್ದು ಹಿಡಿದಿಟ್ಟುಕೊಳ್ಳಬೇಕಾದವನು ಕೊನೆಗೂ ಪದಾತಿ ಸೈನಿಕ. ಅವನ ಮುಂದೆ ನಡೆಯಲು, ಗುಂಡಿನ ಮಳೆಯಲ್ಲಿ ಅವನಿಗಾಗಿ ದಾರಿ ತೆರೆಯಲು, ಕವಚವೂ ದೊಡ್ಡ ತೋಪೂ ಚೈನೂ ಒಂದೇ ಕಡೆ ಇರುವ ಯಂತ್ರಕ್ಕೆ ಬದಲಿ ಇನ್ನೂ ಬಂದಿಲ್ಲ. ಲಡಾಖಿನ ಎತ್ತರಕ್ಕಾಗಿ 25 ಟನ್ ತೂಕದ ‘ಜೊರಾವರ್’ ಎಂಬ ಹಗುರ ಟ್ಯಾಂಕನ್ನು 2024ರ ಜುಲೈನಲ್ಲಿ ನಮ್ಮವರೇ ಹೊರತಂದಿರುವುದು ಟ್ಯಾಂಕಿನ ರೂಪ ಬದಲಾಗುತ್ತಿದೆ ಎಂಬುದಕ್ಕೆ ಗುರುತು.

ಹಿಂದಕ್ಕೆ ಸರಿಯುವ ವಿಷಯ ಒಂದನ್ನು ಇಲ್ಲಿ ಸೇರಿಸಿಬಿಡುತ್ತೇನೆ. ಟಿ-72 ಮುಂದಕ್ಕೆ ಗಂಟೆಗೆ 60 ಕಿ.ಮೀ. ಓಡುತ್ತದೆ, ಹಿಂದಕ್ಕೆ ಸುಮಾರು 4 ಕಿ.ಮೀ. ಮಾತ್ರ, ಅಂದರೆ ಮನುಷ್ಯನ ನಡಿಗೆ. ಅಪಾಯ ಕಂಡಾಗ ಎದುರಿಗೇ ಮುಖವಿಟ್ಟು ಬೇಗ ಹಿಂದೆ ಸರಿಯಲಾಗದೆ, ಗಾಡಿಯನ್ನೇ ತಿರುಗಿಸಿ ತೆಳುವಾದ ಬೆನ್ನನ್ನು ಶತ್ರುವಿಗೆ ತೋರಿಸಬೇಕಾಗುತ್ತದೆ. ‘ಹೆದರಿ ಓಡಿದ ಟ್ಯಾಂಕ್’ ಎಂದು ಒಂದು ವಾಹಿನಿಯಲ್ಲಿ ಹೇಳಿದ್ದನ್ನು ಕೇಳಿದಾಗ ಒಳಗಿದ್ದ ಆ ಡ್ರೈವರನ ಬಗ್ಗೆ, ಅವನು ಯಾವ ದೇಶದವನೇ ಆಗಿರಲಿ, ನನಗೆ ಬಹಳ ನೋವಾಯಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಟ್ಯಾಂಕನ್ನು ಟ್ಯಾಂಕ್ ಎಂದೇ ಬರೆಯಿರಿ, ಅದು ಈಗ ಕನ್ನಡದ್ದೇ ಪದ. ಒಟ್ಟಾರೆ ಹೇಳುವಾಗ ಕವಚವಾಹನ ಎನ್ನಿ. ಸೈನಿಕರನ್ನು ಕೂಡಿಸಿಕೊಂಡು ಹೋಗಿ ಕಾದುವಂಥದ್ದನ್ನು ಪದಾತಿ ಯುದ್ಧವಾಹನ ಎನ್ನಬಹುದು. ಹಿಂದೆ ನಿಂತು ದೂರಕ್ಕೆ ಹೊಡೆಯುವಂಥದ್ದಕ್ಕೆ ತೋಪು ಎಂಬ ನಮ್ಮ ವಿಜಯಪುರದ ಮಾತು ಇದ್ದೇ ಇದೆ, ಅದು ಚೈನಿನ ಮೇಲೆ ತಾನೇ ಓಡುವಂಥದ್ದಾದರೆ ಸ್ವಯಂಚಾಲಿತ ತೋಪು. ಖಚಿತವಾಗಿ ಗೊತ್ತಾಗದಿದ್ದಾಗ ‘ಸೇನಾ ವಾಹನ’ ಎಂದಷ್ಟೇ ಬರೆದರೂ ಸಾಕು, ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು. ವಿದೇಶಿ ಸುದ್ದಿಸಂಸ್ಥೆಗಳಿಂದ ರಾತ್ರಿ ಹೊತ್ತು ಬರುವ ಚಿತ್ರಗಳಿಗೆ ಕೆಲವೇ ನಿಮಿಷಗಳಲ್ಲಿ ಒಕ್ಕಣೆ ಬರೆಯಬೇಕಾದ ನಿಮ್ಮ ಸಿಬ್ಬಂದಿಯ ಕಷ್ಟ ನನಗೆ ಅರ್ಥವಾಗುತ್ತದೆ. ಬೆಳಗಾವಿ ಮತ್ತು ವಿಜಯಪುರದಲ್ಲಿ ಕವಚ ದಳದಿಂದಲೂ ಫಿರಂಗಿ ದಳದಿಂದಲೂ ನಿವೃತ್ತರಾದವರು ಬೇಕಾದಷ್ಟು ಜನ ಇದ್ದಾರೆ. ಫೋನಿನಲ್ಲಿ ಚಿತ್ರ ಕಳುಹಿಸಿ ಕೇಳಿದರೆ ರಾತ್ರಿ ಹನ್ನೊಂದಾದರೂ ಉತ್ತರ ಕೊಡಲು ಸಿದ್ಧರಿರುವ ನಾಲ್ಕಾರು ಜನರನ್ನು ನಾನೇ ಗೊತ್ತುಮಾಡಿ ಕೊಡುತ್ತೇನೆ, ಅವರಲ್ಲಿ ನಾನೂ ಒಬ್ಬ.

ಸದ್ಯಕ್ಕೆ ಕಳೆದ ವಾರದ ಆ ಚಿತ್ರಕ್ಕೆ ಒಂದು ಸಣ್ಣ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ‘ಚಿತ್ರದಲ್ಲಿರುವುದು ಟ್ಯಾಂಕರ್ ಅಲ್ಲ, ಸ್ವಯಂಚಾಲಿತ ತೋಪು’ ಎಂದರೆ ಸಾಕು, ಒಂದು ಸಾಲಿಗಿಂತ ಹೆಚ್ಚು ಜಾಗ ಬೇಕಾಗಿಲ್ಲ. ನಮ್ಮ ಓಣಿಯ ಆ ತಾಯಿ ಆ ಪುಟವನ್ನು ಎಸೆದಿಲ್ಲ, ಮಗನ ಪತ್ರಗಳ ಜೊತೆ ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ತಿದ್ದುಪಡಿ ಬಂದ ದಿನ ಅದನ್ನು ಕತ್ತರಿಸಿ ಆ ಪುಟಕ್ಕೆ ಅಂಟಿಸಿ ಕೊಡುತ್ತೇನೆಂದು ಅವಳಿಗೆ ಹೇಳಿದ್ದೇನೆ.

ತಮ್ಮ ವಿಶ್ವಾಸಿ,
ಕವಚ ದಳದ ನಿವೃತ್ತ ದಫೇದಾರ್
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ